ಸಹಾಯ ಬೇಕು: ಮನೆಯವರ ನಡುವೆ ಪ್ರೆಪ್ ಮಾತ್ರೆ ತಪ್ಪುತ್ತಿದೆ

ನನ್ನ ಗೆಳೆಯ ಗೇ. ಎಚ್‌ಐವಿ ಬಾರದಂತೆ ದಿನಕ್ಕೊಂದು ಪ್ರೆಪ್ ಮಾತ್ರೆ ತೆಗೆದುಕೊಳ್ಳುತ್ತಾನೆ. ಮೈಸೂರಿನ ರೂಮಿನಲ್ಲಿದ್ದಾಗ ಸರಿಯಾಗಿಯೇ ನಡೆಯುತ್ತಿತ್ತು. ಕಾಫಿ ಕೊಯ್ಲು ಅಂತ ಸೋಮವಾರಪೇಟೆಯ ಮನೆಗೆ ಬಂದ ಮೇಲೆ ಆಗಾಗ ತಪ್ಪುತ್ತಿದೆ. ತುಂಬಿದ ಮನೆ. ಮಾತ್ರೆ ಕಂಡರೆ ಅಜ್ಜಿಯಿಂದ ಹಿಡಿದು ಎಲ್ಲರೂ ಏನಾಯಿತು ಅಂತ ಕೇಳುತ್ತಾರೆ. ಅಲಾರಂ ಇಟ್ಟೆವು. ವಿಟಮಿನ್ ಡಬ್ಬಿಗೆ ಹಾಕಿದರೆ ತಂಗಿ ತನಗೂ ಒಂದು ಕೊಡು ಅಂದಳು, ಅದನ್ನೂ ಬಿಟ್ಟೆವು. ಈಗ ಅವನು 2-1-1 ಕ್ರಮಕ್ಕೆ ಹೋಗುತ್ತೇನೆ ಅನ್ನುತ್ತಾನೆ. ಸೆಕ್ಸ್‌ಗೆ 2ರಿಂದ 24 ಗಂಟೆ ಮೊದಲು ಎರಡು ಮಾತ್ರೆ, ಆಮೇಲೆ 24 ಗಂಟೆಗೊಂದರಂತೆ ಎರಡು. ಆದರೆ ಭೇಟಿ ಮೊದಲೇ ಗೊತ್ತಿರುವುದಿಲ್ಲ ಅಲ್ವಾ? ಅವನು ಸುಮ್ನೆ ಎಲ್ಲ ಬಿಟ್ಟುಬಿಟ್ಟರೆ ಅನ್ನುವ ಭಯ ನನಗೆ. ಮನೆಯವರ ಜೊತೆಗಿದ್ದೇ ಪ್ರೆಪ್ ತೆಗೆದುಕೊಳ್ಳುವವರು ಹೇಳಿ: ದಿನದ ಮಾತ್ರೆಯನ್ನೇ ಹೇಗೆ ಉಳಿಸಿಕೊಂಡಿರಿ? 2-1-1ಕ್ಕೆ ಬದಲಾದವರು ಮೊದಲು ಎಚ್‌ಐವಿ ಪರೀಕ್ಷೆ ಮಾಡಿಸಿದಿರಾ?