ಹೊಟ್ಟೆಯುಬ್ಬರ, ಹುಳಿತೇಗು, ಕರುಳು ಶುದ್ಧಿಯ ಪುಡಿ: ವೈದ್ಯರನ್ನು ಕೇಳಿ

ಪ್ರಶ್ನೆ (ಚಿಕ್ಕಮಗಳೂರಿನ ಆಲ್ದೂರು ಕಡೆಯ ಗೌಡರು): ಮೇಡಂ, ನನಗೆ 43 ವರ್ಷ. ಮಳೆ ಹಿಡಿದಾಗಿನಿಂದ ಉಂಡೊಡನೆ ಹೊಟ್ಟೆಯುಬ್ಬರ, ಆಗಾಗ ಹುಳಿತೇಗು. ಒಂದು ದಿನ ಮಲ ಕಟ್ಟುತ್ತದೆ, ಮರುದಿನ ಸಡಿಲ. ಎದ್ದ ಕೂಡಲೇ ಕಾಫಿ, ಹತ್ತು ಗಂಟೆಗೆ ಅಕ್ಕಿರೊಟ್ಟಿ, ನಡುನಡುವೆ ಮತ್ತೆ ಕಾಫಿ, ರಾತ್ರಿ ಊಟ ಹತ್ತರ ಮೇಲೆ. ಮೊಬೈಲಿನಲ್ಲಿ ನೋಡಿ ‘ಕರುಳು ಶುದ್ಧಿ’ಯ ಪುಡಿ ತರಿಸಿದೆ. ಭೇದಿಯಾಯಿತೇ ಹೊರತು ಉಬ್ಬರ ಇಳಿಯಲಿಲ್ಲ. ಎಂಡೋಸ್ಕೋಪಿಯಲ್ಲಿ ಏನೂ ಕಾಣಲಿಲ್ಲ. ಯಾವ ಔಷಧ ತೆಗೆದುಕೊಳ್ಳಲಿ?

ಉತ್ತರ (ಹಾಸನದ ಆಯುರ್ವೇದ ವೈದ್ಯೆ): ಗೌಡರೇ, ಮೊದಲು ಆ ಪುಡಿಯನ್ನು ನಿಲ್ಲಿಸಿ. ಇಂಥ ಅನೇಕ ಪುಡಿಗಳಲ್ಲಿ ಇರುವುದು ಸೋನಾಮುಖಿಯಂಥ ವಿರೇಚಕ, ಅಂದರೆ ಭೇದಿ ಮಾಡಿಸುವ ಮದ್ದು. ಮಲ ಇಳಿಸುವುದೇ ಬೇರೆ, ಜೀರ್ಣಶಕ್ತಿಯನ್ನು ಸರಿಪಡಿಸುವುದೇ ಬೇರೆ.

ಒಮ್ಮೆ ಅರಗಿ ಒಮ್ಮೆ ಅರಗದಿರುವ ಈ ಸ್ಥಿತಿಗೆ ನಮ್ಮಲ್ಲಿ ವಿಷಮಾಗ್ನಿ ಎಂದು ಹೆಸರು. ಅಲಕ್ಷಿಸಿದರೆ ಗ್ರಹಣಿಗೆ, ಅಂದರೆ ಮಲ ಒಮ್ಮೆ ಕಟ್ಟಿ ಒಮ್ಮೆ ಸಡಿಲವಾಗುವ ದೀರ್ಘಕಾಲದ ಅಜೀರ್ಣ ರೋಗಕ್ಕೆ, ತಿರುಗಬಹುದು. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 15ನೆಯ ಅಧ್ಯಾಯ ಇದರದೇ ಚರ್ಚೆ. ಮಳೆಗಾಲದಲ್ಲಿ ಜಠರಾಗ್ನಿ ಸಹಜವಾಗಿಯೇ ಕುಂದುತ್ತದೆ ಎನ್ನುತ್ತದೆ ಶಾಸ್ತ್ರ. ಮಲೆನಾಡಿನವರು ಪತ್ರೊಡೆ, ಕಳಲೆ ಪಲ್ಯ, ಕಡುಬು ಎಂದು ಹೊಟ್ಟೆ ಬಿರಿಯೆ ಉಣ್ಣುವುದೂ ಅದೇ ಕಾಲದಲ್ಲಿ! ತಿನ್ನಬೇಡಿ ಎನ್ನುವುದಿಲ್ಲ, ಮಧ್ಯಾಹ್ನ ತಿನ್ನಿ, ಮಿತವಾಗಿ ತಿನ್ನಿ. ರಾತ್ರಿ ಎಂಟರೊಳಗೆ ಅನ್ನ, ಜೀರಿಗೆ-ಮೆಣಸಿನ ಸಾರು ಸಾಕು.

ಔಷಧಕ್ಕಿಂತ ಮುಖ್ಯವಾದ ಮಾತೆಂದರೆ, ಹಿಂದಿನ ಊಟ ಅರಗುವವರೆಗೆ ಮುಂದಿನದಕ್ಕೆ ಕೈಹಾಕಬೇಡಿ. ತೇಗು ಶುದ್ಧವಾಗಿ ಬಂದು, ಮೈ ಹಗುರವೆನಿಸಿ, ನಿಜವಾದ ಹಸಿವಾಗಬೇಕು. ಗಡಿಯಾರ ನೋಡಿ ಬರುವುದು ಹಸಿವಲ್ಲ. ಕಾಫಿಯು ಜಠರದ ಆಮ್ಲವನ್ನೂ ದೊಡ್ಡ ಕರುಳಿನ ಚಲನೆಯನ್ನೂ ಹೆಚ್ಚಿಸುತ್ತದೆ. ಚಿಕ್ಕಮಗಳೂರಿನವರಿಗೆ ಕಾಫಿ ಬಿಡಿ ಎಂದರೆ ನನ್ನನ್ನೇ ಈ ಪ್ರಶ್ನೋತ್ತರದಿಂದ ಬಿಡಿಸಿಯಾರು. ಆದ್ದರಿಂದ ತಿಂಡಿಯ ನಂತರ ಒಂದು ಲೋಟ, ಅಷ್ಟೇ.

ಮಧ್ಯಾಹ್ನದ ಊಟದ ಜೊತೆ ಕಡೆದು ಬೆಣ್ಣೆ ತೆಗೆದ ತಾಜಾ ಮಜ್ಜಿಗೆ ಕುಡಿಯಿರಿ. ಗ್ರಹಣಿಯಲ್ಲಿ ಮಜ್ಜಿಗೆಗೆ ವಿಶೇಷ ಸ್ಥಾನವಿದೆ, ಏಕೆಂದರೆ ಅದು ಹಗುರ, ಅಗ್ನಿದೀಪಕ (ಜೀರ್ಣಶಕ್ತಿ ಹೆಚ್ಚಿಸುವಂಥದು), ಗ್ರಾಹಿ (ಸಡಿಲ ಮಲವನ್ನು ಕಟ್ಟುವಂಥದು). ನೀರು ಬೆರೆಸಿದ ಮೊಸರು ಮಜ್ಜಿಗೆಯಲ್ಲ. ರಾತ್ರಿ ಮೊಸರು ಬೇಡ.

ಉಬ್ಬರಕ್ಕೆ ಹಿಂಗ್ವಷ್ಟಕ ಚೂರ್ಣವಿದೆ: ಶುಂಠಿ, ಮೆಣಸು, ಹಿಪ್ಪಲಿ, ಅಜಮೋದ, ಸೈಂಧವ ಲವಣ, ಜೀರಿಗೆ, ಕರಿಜೀರಿಗೆ, ಇಂಗು ಸೇರಿ ಎಂಟು. ತುಪ್ಪದಲ್ಲಿ ಕಲಸಿ ಊಟದ ಮೊದಲ ತುತ್ತಿಗೆ ಸೇರಿಸುವುದು ಪದ್ಧತಿ. ಆದರೆ ಇದು ಉಷ್ಣ. ನಿಮಗೆ ಹುಳಿತೇಗೂ ಇರುವುದರಿಂದ ನಾಡಿ, ನಾಲಿಗೆ ನೋಡದೆ ಇಲ್ಲಿಂದಲೇ ಬರೆದುಕೊಡಲಾರೆ. ರಕ್ತದೊತ್ತಡ ಇದ್ದವರು ಉಪ್ಪಿನ ಅಂಶವನ್ನೂ ಗಮನಿಸಬೇಕು.

ಪ್ರಶ್ನೆ (ಬೇಲೂರು): ಹಲವು ವರ್ಷಗಳಿಂದ ಗ್ಯಾಸ್ಟ್ರಿಕ್‌ಗೆಂದು ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ನುಂಗುತ್ತಿದ್ದೇನೆ. ಅದನ್ನು ಬಿಟ್ಟು ತ್ರಿಫಲಾ ಶುರುಮಾಡಲೇ?

ಉತ್ತರ: ಒಮ್ಮೆಲೇ ಬಿಡಬೇಡಿ. ದೀರ್ಘಕಾಲ ತೆಗೆದುಕೊಂಡು ಹಠಾತ್ತಾಗಿ ನಿಲ್ಲಿಸಿದರೆ ಆಮ್ಲ ಮೊದಲಿಗಿಂತ ಹೆಚ್ಚಾಗಿ ಉಕ್ಕಬಹುದು. ಬರೆದುಕೊಟ್ಟ ವೈದ್ಯರನ್ನು ಕೇಳಿ, ಪ್ರಮಾಣ ಇಳಿಸುತ್ತಾ ಬನ್ನಿ. ಆಸ್ಪಿರಿನ್ ಅಥವಾ ನೋವಿನ ಮಾತ್ರೆಗಳ ಜೊತೆಗೆ ರಕ್ಷಣೆಗೆಂದು ಕೊಟ್ಟಿದ್ದರೆ ಬಿಡುವಂತೆಯೇ ಇಲ್ಲ. ಅಳಲೆ, ತಾರೆ, ನೆಲ್ಲಿಯ ತ್ರಿಫಲಾ ಒಳ್ಳೆಯದೇ, ಆದರೆ ಆಮ್ಲ ತಗ್ಗಿಸುವ ಮಾತ್ರೆಗೆ ಅದು ಬದಲಿಯಲ್ಲ. ಮಲ ಸಡಿಲವಿರುವವರಿಗಂತೂ ಬೇಡವೇ ಬೇಡ.

ಪ್ರಶ್ನೆ (ಸಕಲೇಶಪುರ): ಅಮ್ಮನಿಗೆ 67. ಹಸಿವಿಲ್ಲ, ಸೊರಗಿದ್ದಾರೆ, ಮಲ ಡಾಂಬರಿನಂತೆ ಕಪ್ಪಗಿದೆ. ಲೋಳೆಸರದ ರಸ ಕೊಡಬಹುದೇ?

ಉತ್ತರ: ಏನನ್ನೂ ಕೊಡಬೇಡಿ. ಇವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ನಿಜ. ಆದರೆ ಡಾಂಬರಿನಂತೆ ಅಂಟಂಟಾಗಿದ್ದರೆ ಜಠರದಲ್ಲಿ ರಕ್ತ ಸೋರುತ್ತಿರಬಹುದು. ಜೊತೆಗೆ ತೂಕವೂ ಇಳಿದಿದೆ. ಹಿಮೋಗ್ಲೋಬಿನ್, ಎಂಡೋಸ್ಕೋಪಿ ಮೊದಲು, ನಮ್ಮ ಕಷಾಯ ಆಮೇಲೆ.

ಪ್ರಶ್ನೆ (ಆಲ್ದೂರಿನ ಗೌಡರು, ಮತ್ತೆ): ಮಧ್ಯಾಹ್ನ ತೋಟದಲ್ಲೇ ಇರುತ್ತೇನೆ. ಮಜ್ಜಿಗೆಯನ್ನು ಬೆಳಿಗ್ಗೆಯೇ ಒಯ್ಯಬಹುದೇ?

ಉತ್ತರ: ಒಯ್ಯಿರಿ, ಸ್ಟೀಲ್ ಬಾಟಲಿಯಲ್ಲಿ. ತಾಮ್ರ, ಹಿತ್ತಾಳೆ ಬೇಡ. ಹುರಿದ ಜೀರಿಗೆಪುಡಿ, ಚಿಟಿಕೆ ಉಪ್ಪು ಹಾಕಿ, ಹುಳಿಯೇರುವ ಮೊದಲೇ ಮುಗಿಸಿ. ಎದೆಯುರಿ ಬಂದರೆ ನಿಲ್ಲಿಸಿ, ಹಾಸನಕ್ಕೆ ಬಂದಾಗ ಎಂಡೋಸ್ಕೋಪಿಯ ವರದಿ ತನ್ನಿ.