ಮೂಳೆ ಕೂಡುತ್ತದೆ, ಕೀಲನ್ನು ಬೆಸೆಯುತ್ತಾರೆ. ಜೀವಕೋಶಕ್ಕೆ ಯಾವ ಪದ?

ಗೆಳೆಯರೇ,

ಎರಡು ಸೇರಿ ಒಂದಾಗುವುದಕ್ಕೆ ಇಂಗ್ಲಿಷಿನಲ್ಲಿ ‘ಫ್ಯೂಷನ್’ ಅನ್ನುತ್ತಾರಲ್ಲ, ಅದಕ್ಕೆ ನಾವು ಎಲ್ಲ ಕಡೆ ‘ಸಮ್ಮಿಳನ’ ಅಂತ ಬರೆದುಬಿಡುತ್ತೇವೆ. ಸೂರ್ಯನೊಳಗೆ ಪರಮಾಣು ಬೀಜಗಳು ಸೇರುವ ಕೆಲಸಕ್ಕೆ ಆ ಪದ ನೆಲೆಯೂರಿದೆ, ಅಲ್ಲಿ ನನ್ನ ತಕರಾರಿಲ್ಲ. ಆದರೆ ಆಸ್ಪತ್ರೆಯ ಕಾಗದದಲ್ಲಿ ಆ ಪದ ನಮ್ಮ ಮನೆಯವರನ್ನು ಒಂದು ರಾತ್ರಿ ನಿದ್ದೆಗೆಡಿಸಿತು.

ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಕೈಯೂರಿದ ಏಟಿಗೆ ಮಣಿಕಟ್ಟಿನ ಹತ್ತಿರ, ಹೆಬ್ಬೆರಳ ಕಡೆಯ ಮೂಳೆ ಮುರಿಯಿತು. ತುಂಬ ಜನರಿಗೆ ಆಗುವ ಮುರಿತವೇ. ಡಬ್ಲಿನ್ನಿನ ವೈದ್ಯ ಅಬ್ರಹಾಂ ಕಾಲಿಸ್ 1814ರಲ್ಲೇ ಇದನ್ನು ವಿವರಿಸಿದ್ದರು, ಇವತ್ತಿಗೂ ಅವರ ಹೆಸರಿನಲ್ಲೇ ಕರೆಯುತ್ತಾರೆ. ಆಪರೇಷನ್ನಿಗೆ ಒಪ್ಪಿಗೆ ಕೊಡುವ ಕನ್ನಡ ಕಾಗದದಲ್ಲಿ ‘ಮಣಿಕಟ್ಟಿನ ಸಮ್ಮಿಳನ ಶಸ್ತ್ರಚಿಕಿತ್ಸೆ’ ಎಂದಿತ್ತು. ನಾನು ಓದಿ ಹೆದರಿದೆ. ಮಣಿಕಟ್ಟಿನ ಫ್ಯೂಷನ್ ಅಂದರೆ ಬೇರೆಯೇ ಚಿಕಿತ್ಸೆ. ಸವೆದು ಹಾಳಾದ ಕೀಲಿನಲ್ಲಿ ಮೂಳೆಯ ತುದಿಗಳನ್ನು ಮುಚ್ಚಿರುವ ಮೃದ್ವಸ್ಥಿಯನ್ನು (ಕಾರ್ಟಿಲೇಜ್) ಕೆರೆದು, ಮೂಳೆಗಳು ಸೇರಿ ಒಂದೇ ಆಗುವಂತೆ ಮಾಡುತ್ತಾರೆ. ನೋವು ಹೋಗುತ್ತದೆ. ಆದರೆ ಮಣಿಕಟ್ಟು ಮತ್ತೆ ಮೇಲೆ ಕೆಳಗೆ ಮಡಚುವುದಿಲ್ಲ. ಅಮ್ಮ ದಿನಾ ಹೂ ಕಟ್ಟುವವರು, ಚಪಾತಿ ಲಟ್ಟಿಸುವವರು.

ಬೆಳಿಗ್ಗೆ ಡಾಕ್ಟರನ್ನು ಕೇಳಿದೆ. ‘ಅಯ್ಯೋ, ಹಾಗಲ್ಲ. ಮೂಳೆ ಕೂರಿಸಿ ಪ್ಲೇಟ್ ಹಾಕ್ತೀವಿ. ಆಮೇಲೆ ಅದೇ ಕೂಡ್ಕೊಳ್ಳತ್ತೆ. ಕೀಲು ಹಾಗೇ ಇರತ್ತೆ’ ಎಂದರು. ಅಮ್ಮನಿಗೆ ತಕ್ಷಣ ಅರ್ಥವಾಯಿತು.

ಅವರ ಮಾತನ್ನು ಗಮನಿಸಿ. ಮೊದಲು ‘ಕೂರಿಸು’. ಜಾರಿದ ಮೂಳೆಯನ್ನು ಎಳೆದು ಅದರ ಜಾಗಕ್ಕೆ ತರುವುದು. ನಾಟಿ ವೈದ್ಯರೂ ಇದೇ ಮಾತು ಹೇಳುತ್ತಾರೆ. ಆಮೇಲೆ ಅಂಗೈ ಕಡೆಯಿಂದ ಕೊಯ್ದು ಪ್ಲೇಟು, ಸ್ಕ್ರೂ ಹಾಕುವುದು. ಕೆಲವರಿಗೆ ಬರೀ ತಂತಿ ಸಾಕಾಗುತ್ತದೆ. ಈ ಪ್ಲೇಟು ಮೂಳೆಯನ್ನು ಕೂಡಿಸುವುದಿಲ್ಲ, ಅಲುಗದ ಹಾಗೆ ಹಿಡಿದಿಡುತ್ತದೆ ಅಷ್ಟೇ. ಕೊನೆಗೆ ‘ಕೂಡು’. ಅದು ಮೂಳೆ ತಾನೇ ಮಾಡುವ ಕೆಲಸ, ಸುಮಾರು ಆರು ವಾರ ಬೇಕು. ಕೂರಿಸು, ಹಿಡಿದಿಡು, ಕೂಡು. ಮೂರು ಹಂತಕ್ಕೆ ಮೂರು ಕನ್ನಡ ಕ್ರಿಯಾಪದಗಳು ನಮ್ಮ ಬಾಯಲ್ಲೇ ಇವೆ. ಸರಿಯಾಗಿ ಕೂರಿಸದಿದ್ದರೆ ‘ಸೊಟ್ಟ ಕೂಡಿದೆ’ ಅನ್ನುತ್ತೇವೆ. ಇದಕ್ಕಿಂತ ಸ್ಪಷ್ಟವಾದ ಮಾತು ಬೇಕಾ?

ಕೀಲನ್ನು ಶಾಶ್ವತವಾಗಿ ಸೇರಿಸುವ ಚಿಕಿತ್ಸೆಗೆ ‘ಕೀಲು ಬೆಸುಗೆ’ ಅನ್ನಬಹುದು ಅಂತ ನನಗನ್ನಿಸುತ್ತದೆ. ಅಕ್ಕಸಾಲಿಗರು ಬೆಸುಗೆ ಹಾಕಿದ ಸರದ ಕೊಂಡಿ ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ಅಲ್ಲಾಡುತ್ತಿದ್ದದ್ದು ಇನ್ನು ಅಲ್ಲಾಡುವುದಿಲ್ಲ ಎಂಬ ಅರ್ಥ ಕೇಳಿದವರಿಗೆ ಕೂಡಲೇ ಹೊಳೆಯುತ್ತದೆ. ರೋಗಿಗೆ ಗೊತ್ತಾಗಬೇಕಾದ್ದೂ ಅದೇ ಅಲ್ವಾ?

ನನ್ನ ನಿಜವಾದ ತೊಡಕು ಇರುವುದು ಜೀವಕೋಶಗಳ ವಿಷಯದಲ್ಲಿ. ಪಿಯುಸಿ ಮಕ್ಕಳಿಗಾಗಿ ಪ್ರತಿಕಾಯಗಳ (ರೋಗಾಣುಗಳಿಗೆ ಅಂಟಿಕೊಳ್ಳುವ, ಮೈಯೇ ತಯಾರಿಸುವ ಪ್ರೋಟೀನುಗಳು, ಆಂಟಿಬಾಡಿ) ಬಗ್ಗೆ ಒಂದು ಪಾಠ ಬರೆಯುತ್ತಿದ್ದೇನೆ. 1975ರಲ್ಲಿ ಕೇಂಬ್ರಿಜ್‌ನಲ್ಲಿ ವಿಜ್ಞಾನಿಗಳಾದ ಜಾರ್ಜಸ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೀನ್ ಮಾಡಿದ ಕೆಲಸ ಅದರಲ್ಲಿ ಬರುತ್ತದೆ. ಇಲಿಯ ಗುಲ್ಮದ (ಸ್ಪ್ಲೀನ್) ಕೋಶ ಪ್ರತಿಕಾಯ ತಯಾರಿಸುತ್ತದೆ, ಆದರೆ ಗಾಜಿನ ತಟ್ಟೆಯಲ್ಲಿ ಕೆಲವೇ ದಿನಕ್ಕೆ ಸಾಯುತ್ತದೆ. ಮೈಲೋಮಾ ಎಂಬ ಕ್ಯಾನ್ಸರ್ ಕೋಶಕ್ಕೆ ಸಾವಿಲ್ಲ, ಒಡೆದು ಬೆಳೆಯುತ್ತಲೇ ಇರುತ್ತದೆ. ಎರಡನ್ನೂ ಸೇರಿಸಿ ಒಂದು ಕೋಶ ಮಾಡಿದರೆ? ಬೇಕಾದ ಪ್ರತಿಕಾಯವನ್ನು ಎಷ್ಟು ದಿನ ಬೇಕಾದರೂ ಪಡೆಯಬಹುದು. ಅದೇ ಹೈಬ್ರಿಡೋಮ. ಇದಕ್ಕೆ 1984ರಲ್ಲಿ ನೊಬೆಲ್ ಬಂತು. ಮನೆಯಲ್ಲೇ ಬಸಿರು ಪರೀಕ್ಷಿಸುವ ಕಡ್ಡಿಯಲ್ಲಿ ಇರುವುದೂ ಹೀಗೆ ಪಡೆದ ಪ್ರತಿಕಾಯಗಳೇ.

ಮೊದಲು ನಾನು ‘ಕೋಶಗಳನ್ನು ಬೆರೆಸುವುದು’ ಎಂದು ಬರೆದೆ. ತಪ್ಪಾಯಿತು. ಪ್ರಯೋಗಾಲಯದಲ್ಲಿ ಬೆರೆಸುವುದು ಮೊದಲ ಹೆಜ್ಜೆ ಮಾತ್ರ. ಎರಡೂ ಬಗೆಯ ಕೋಶಗಳನ್ನು ಒಂದೇ ನಳಿಗೆಯಲ್ಲಿ ಬೆರೆಸಿ, ಆಮೇಲೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ ಹಾಕುತ್ತಾರೆ. ಆಗ ಅಕ್ಕಪಕ್ಕದ ಕೆಲವು ಕೋಶಗಳ ಪೊರೆಗಳು ಸೇರಿಕೊಳ್ಳುತ್ತವೆ. ಬೆರೆತವುಗಳಲ್ಲಿ ಒಂದಾಗದೆ ಉಳಿಯುವವೇ ಜಾಸ್ತಿ. ಒಂದಾಗದ ಮೈಲೋಮಾ ಕೋಶಗಳು ಬದುಕದಂಥ ಪೋಷಕ ದ್ರವದಲ್ಲಿ ಇಟ್ಟು, ಅವನ್ನು ಸಾಯಿಸುತ್ತಾರೆ. ಒಂಟಿ ಗುಲ್ಮಕೋಶಗಳು ತಾವಾಗಿಯೇ ಸಾಯುತ್ತವೆ. ಉಳಿಯುವುದು ಒಂದಾದವು ಮಾತ್ರ. ಹಾಗಾಗಿ ‘ಬೆರೆಸು’ ಬೇರೆ, ಈ ಕೆಲಸ ಬೇರೆ. ಪಾಠದಲ್ಲಿ ಎರಡಕ್ಕೂ ಒಂದೇ ಪದ ಬಂದರೆ ಮಗುವಿಗೆ ಪ್ರಯೋಗವೇ ಅರ್ಥವಾಗುವುದಿಲ್ಲ.

‘ಬೆಸುಗೆ’ಯೂ ಹೊಂದುವುದಿಲ್ಲ. ಬೆಸೆದ ಎರಡು ತುಂಡುಗಳು ಎರಡಾಗಿಯೇ ಕಾಣುತ್ತವೆ. ಇಲ್ಲಿ ಎರಡರ ಒಡಲೂ ಒಂದಾಗಬೇಕು. ನಾನು ಶಿವಮೊಗ್ಗದ ಕಡೆಯವನು, ನನಗೆ ನೆನಪಾಗುವುದು ಕೂಡಲಿ ಎಂಬ ಊರು. ಅಲ್ಲಿ ತುಂಗೆ, ಭದ್ರೆ ಕೂಡಿದ ಮೇಲೆ ಇದು ತುಂಗೆಯ ನೀರು, ಅದು ಭದ್ರೆಯ ನೀರು ಅಂತ ಬೇರೆ ಮಾಡಲಾಗುವುದಿಲ್ಲ. ಹೆಸರಿನಲ್ಲಿ ಮಾತ್ರ ಎರಡೂ ಉಳಿದಿವೆ. ಹೈಬ್ರಿಡೋಮದಲ್ಲೂ ಹಾಗೆಯೇ, ಎರಡು ಕೋಶಗಳ ಗುಣವೂ ಉಳಿಯುತ್ತದೆ. ಅದಕ್ಕೇ ‘ಒಂದುಗೂಡು’, ‘ಒಂದುಗೂಡಿಸು’, ‘ಕೋಶಗಳ ಒಂದುಗೂಡಿಕೆ’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. ‘ಕೂಡುಕೋಶ’ ಅಂತಲೂ ಯೋಚಿಸಿದೆ. ಆದರೆ ಕೂಡುಕುಟುಂಬದಲ್ಲಿ ಜನ ಜೊತೆಗಿರುತ್ತಾರೆ, ಒಬ್ಬರೇ ಆಗುವುದಿಲ್ಲ. ಅದಕ್ಕೇ ಬಿಟ್ಟೆ.

ಈಗ ನಿಮ್ಮನ್ನು ಕೇಳುವುದು ಇಷ್ಟು. ‘ಒಂದುಗೂಡು’ ಅಂದಾಗ ನಿಮಗೆ ಜನ ಸಭೆ ಸೇರುವುದೇ ಮೊದಲು ನೆನಪಾಗುತ್ತದಾ? ಹಾಗಾದರೆ ಬೇರೆ ಯಾವ ಪದ ತೋಚುತ್ತದೆ? ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ಎಲುಬು ಕೂಡಿದ್ದಕ್ಕೆ, ಕೂಡದೇ ಉಳಿದದ್ದಕ್ಕೆ ಮನೆಯಲ್ಲಿ ಏನನ್ನುತ್ತೀರಿ? ಹಿರಿಯರ ಮಾತಿದ್ದರೆ ಅವರು ಅಂದ ಹಾಗೆಯೇ ಬರೆದು ಕಳಿಸಿ. ಅಮ್ಮನ ಕೈಯ ಕಟ್ಟು ಬಿಚ್ಚಿದ್ದಾರೆ. ನಿನ್ನೆ ಅರ್ಧ ಮೊಳ ಮಲ್ಲಿಗೆ ಕಟ್ಟಿದರು.