ಸಹಾಯ ಬೇಕು: ಸೊಪ್ಪು ಹೆಕ್ಕಿಡುವ ಪುಟಾಣಿಗಳಿಗೆ ಏನು ಮಾಡಲಿ?

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಕಡೆಯ ಹಳ್ಳಿಯೊಂದರ ಅಂಗನವಾಡಿ ಕಾರ್ಯಕರ್ತೆ. ಮೂರರಿಂದ ಆರು ವರ್ಷದ 18 ಮಕ್ಕಳಿದ್ದಾರೆ. ಸಾಂಬಾರಿನಲ್ಲಿ ನುಗ್ಗೆಸೊಪ್ಪು ಕಂಡರೆ ಸಾಕು, ಒಂದೊಂದೇ ಎಲೆಯನ್ನು ಹೆಕ್ಕಿ ತಟ್ಟೆಯ ಅಂಚಿಗೆ ಅಂಟಿಸುತ್ತಾರೆ. ಅಷ್ಟು ತಾಳ್ಮೆ ಅಕ್ಷರ ತಿದ್ದುವಾಗ ಎಲ್ಲಿರುತ್ತದೋ! 5 ರೂಪಾಯಿಯ ಕುರುಕಲು ಪೊಟ್ಟಣ ಮಾತ್ರ ಮನೆಯಿಂದಲೇ ಕೈಯಲ್ಲಿ ಬರುತ್ತದೆ. ತಾಯಂದಿರನ್ನು ಕೇಳಿದರೆ, “ಕೊಡದಿದ್ದರೆ ಅಳುತ್ತಾನೆ ಟೀಚರ್” ಎನ್ನುತ್ತಾರೆ.

ವಿಟಮಿನ್, ಕಬ್ಬಿಣಾಂಶ ಎಂದರೆ ಈ ವಯಸ್ಸಿಗೆ ತಿಳಿಯದು. ಹಿತ್ತಲಿನಲ್ಲಿ ಅವರ ಕೈಯಿಂದಲೇ ಮೆಂತ್ಯ ಬಿತ್ತಿಸಿದೆ. ತಾವೇ ಕಿತ್ತ ಸೊಪ್ಪನ್ನು ನಾಲ್ವರು ತಿಂದರು. ಸದ್ಯಕ್ಕೆ ಅಷ್ಟೇ ನನ್ನ ಗೆಲುವು.

ಇನ್ನು ಆಟ. 3–4 ವರ್ಷದವರಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಚಟುವಟಿಕೆ, ಅದರಲ್ಲಿ 60 ನಿಮಿಷ ಏದುಸಿರು ಬರುವಂತಹ ಓಡಾಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಮ್ಮದೋ ಒಂದೇ ಕೋಣೆ, ಹೊಸ್ತಿಲು ದಾಟಿದರೆ ರಸ್ತೆ. ಕೆರೆ-ದಡ, ಕಪ್ಪೆ ಜಿಗಿತ ಮುಗಿದ ಮೇಲೆ ನನಗೆ ಏನೂ ಹೊಳೆಯುವುದಿಲ್ಲ.

ಕೋಣೆಯೊಳಗೇ ಆಡಿಸಬಹುದಾದ ಆಟ, ತರಕಾರಿಗಳ ಮೇಲಿನ ಅಭಿನಯ ಗೀತೆ, ತಾಯಂದಿರ ಸಭೆಯಲ್ಲಿ ನೋವಾಗದಂತೆ ಹೇಳುವ ಬಗೆ, ಯಾವುದಾದರೂ ಸರಿ, ನೀವು ಮಾಡಿ ನೋಡಿದ್ದನ್ನು ತಿಳಿಸಿ. ಖರ್ಚಿಲ್ಲದ್ದಾದರೆ ಇನ್ನೂ ಉಪಕಾರ.